ಮೀಸಲು ಬುಟ್ಟಿ

ಮೊದಲ ಏಟು ಬಿದ್ದಾಗ ಬಂದಿದ್ದವರು ಚಪ್ಪಾಳೆ ತಟ್ಟಿದರು. ಅದೂ ಕಾರ್ಯಕ್ರಮದ ಭಾಗವೆಂದುಕೊಂಡಿದ್ದರು. ಎರಡನೆಯ ಏಟಿಗೆ ಚಿಕ್ಕಪ್ಪನ ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು; ಅಥವಾ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಮೇಲೆ ಆ ಸದ್ದನ್ನು ನಾನೇ ಸೇರಿಸಿಕೊಂಡಿರಬಹುದು.

ಹುಳಿಮಾವು ಕೆರೆಯ ಹಿಂದೆ ನಮ್ಮ ಮನೆತನಕ್ಕೆ ಉಳಿದಿದ್ದ ತುಂಡು ಜಮೀನಿನಲ್ಲಿ ದೊಡ್ಡಪ್ಪ ದ್ರಾಕ್ಷಿ ಬೆಳೆಯುತ್ತಿದ್ದರು, ಚಿಕ್ಕಪ್ಪ ಪಕ್ಕದ ಶೆಡ್ಡಿನಲ್ಲಿ ವೈನ್ ಮಾಡುತ್ತಿದ್ದರು. ದೊಡ್ಡ ಕಂಪನಿಗಳ ಬಾಟಲಿಗಳ ನಡುವೆ ನಮ್ಮದನ್ನು ಅಂಗಡಿಯವರು ಇಡುತ್ತಿರಲಿಲ್ಲ. ಜನರನ್ನೇ ತೋಟಕ್ಕೆ ಕರೆಸೋಣ, ತೊಟ್ಟಿಗಿಳಿಸಿ ರಸಕ್ಕೆ ದ್ರಾಕ್ಷಿ ತುಳಿಸೋಣ, ರುಚಿ ತೋರಿಸಿ ಇಲ್ಲೇ ಮಾರೋಣ ಎಂದವಳು ನಾನು. ಇದಾಗದಿದ್ದರೆ ಶೆಡ್ಡು ಮುಚ್ಚಬೇಕು, ತೋಟ ಬಿಲ್ಡರ್ ಪಾಲು ಎಂಬುದು ಮೂವರಿಗೂ ಗೊತ್ತಿತ್ತು. ಬೆಳೆಯನ್ನು ಕಾಲಲ್ಲಿ ತುಳಿಯುವುದು ದೊಡ್ಡಪ್ಪನಿಗೆ ಹಿಡಿಸಲಿಲ್ಲ. ಮೊದಲ ಗೊಂಚಲುಗಳು ಊರಮ್ಮನಿಗೆ ಮೀಸಲು ಎಂಬ ಒಂದೇ ಷರತ್ತಿನ ಮೇಲೆ ಒಪ್ಪಿದರು. ಆ ಬುಟ್ಟಿಗೆ ಬಟ್ಟೆ ಮುಚ್ಚಿ, ಅರಿಶಿನದ ದಾರ ಬಿಗಿದು ಮೂಲೆಯಲ್ಲಿಟ್ಟರು.

ಮೊದಲ ಶನಿವಾರ ಜೆ.ಪಿ. ನಗರ, ಬಿಟಿಎಂ ಕಡೆಯಿಂದ ಹದಿನೈದು ಜನ ಬಂದರು. ತೊಟ್ಟಿ ಅರ್ಧವೂ ತುಂಬಿರಲಿಲ್ಲ. ಪ್ಯಾಂಟ್ ಮಡಚಿಕೊಂಡು ನಿಂತವನೊಬ್ಬ, ಮೇಡಂ ಇಷ್ಟರಲ್ಲಿ ಕಾಲೂ ನೆನೆಯಲ್ಲ ಎಂದು ನಕ್ಕ. ನಾನು ಮೂಲೆಯ ಬುಟ್ಟಿ ತಂದು ಸುರಿದೆ. ಅಂದಿನ ಡೈರಿಯಲ್ಲಿ ‘ದಾರ ಕಾಣಲಿಲ್ಲ’ ಎಂದು ಬರೆದಿದ್ದೇನೆ. ದಾರ ಬಿಚ್ಚದೆ ಬಟ್ಟೆ ಸರಿಸಲು ಆಗುತ್ತಲೇ ಇರಲಿಲ್ಲ.

ದೊಡ್ಡಪ್ಪ ಪೂಜೆ ಸಾಮಾನು ಹಿಡಿದು ಬಂದವರು ಬರಿದಾದ ಬುಟ್ಟಿ ನೋಡಿದರು.

“ಮೀಸಲು ಬುಟ್ಟಿ ಯಾರ್ಲಾ ಸುರಿದಿದ್ದು?”

ಚಿಕ್ಕಪ್ಪ ಒಮ್ಮೆ ನನ್ನ ಕಡೆ ನೋಡಿದರು. “ನಾನೇ ಅಣ್ಣ. ಜನ ಕಾಯ್ತಾವ್ರೆ, ಆಮೇಲೆ ಮಾತಾಡಾಣ.”

ರಸ ಕಲಕುವ ಮರದ ಕೋಲು ದೊಡ್ಡಪ್ಪನ ಕೈಗೆ ಸಿಕ್ಕಿತು. ಮೊಣಕೈ ಮುರಿದ ಮೇಲೂ ಅವರು ನಿಲ್ಲಿಸಲಿಲ್ಲ. ತಮ್ಮನ ಕತ್ತು ಹಿಡಿದು ಮುಖವನ್ನು ತೊಟ್ಟಿಯೊಳಗೆ ಅದುಮಿದರು, ಎತ್ತಿದರು, ಮತ್ತೆ ಅದುಮಿದರು. ಚಪ್ಪಾಳೆ ತಟ್ಟಿದವರೇ ನಾಲ್ವರು ಸೇರಿ ಬಿಡಿಸಿದರು. ಒಬ್ಬಾಕೆ ಬರಿಗಾಲಲ್ಲೇ ರಸ್ತೆಗೆ ಓಡಿದಳು. ಚಿಕ್ಕಪ್ಪನ ಮೂಗಿನಿಂದ ಇಳಿದದ್ದು ರಸವೋ ರಕ್ತವೋ ತಿಳಿಯಲಿಲ್ಲ ಎಂದು ಇದನ್ನು ಹೇಳುವಾಗಲೆಲ್ಲ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಎರಡರ ಬಣ್ಣ ಬೇರೆ. ರಕ್ತವೆಂದು ಚೆನ್ನಾಗಿ ತಿಳಿದಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ.

ಎಂಟು ದಿನದ ಮೇಲೆ ಹೇಳಿಬಿಡಲೆಂದು ಹೋದೆ. ದೊಡ್ಡಪ್ಪ ಮಚ್ಚಿನಿಂದ ಬಳ್ಳಿಗಳನ್ನು ಬುಡಕ್ಕೇ ಕಡಿಯುತ್ತಿದ್ದರು. ಇನ್ನು ತನ್ನ ಬೆಳೆ ಯಾರ ಕಾಲಿಗೂ ಸಿಗಬಾರದಂತೆ. ಆರು ಸಾಲು ಆಗಲೇ ನೆಲದ ಮೇಲಿತ್ತು. ತಪ್ಪು ನನ್ನದು, ಚಿಕ್ಕಪ್ಪನದಲ್ಲ, ತೋಟ ಉಳಿಸಿ ಎಂದೆ.

“ಗೊತ್ತಿತ್ತು,” ಎಂದರು. “ನಿನ್ ಬೆರಳೆಲ್ಲ ಅರಿಶಿನ ಆಗಿತ್ತಲ್ಲ.”

ಹಾಗಾದರೆ ಅವರನ್ನೇಕೆ ಹೊಡೆದಿರಿ ಎಂದು ಕೇಳಿದೆ.

“ಹೆಣ್ಮಗೂನ ಹೊಡೆಯಕ್ಕಾಯ್ತದಾ?”

ಮಚ್ಚು ಏಳನೆಯ ಸಾಲಿನ ಮೊದಲ ಬುಡಕ್ಕೆ ಬಿತ್ತು.