ಇಳಕಲ್ಲಿಗೆ ಒಯ್ದ ಐಸುಗಡ್ಡೆ

ಎಂಬತ್ತರ ದಶಕ. ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಯಜಮಾನರು ಐಸುಗಡ್ಡೆಯ ಚೀಲವನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದರು. ಕಟ್ಟಿಗೆ ಹೊಟ್ಟು ತುಂಬಿ ಗೋಣಿತಟ್ಟು ಸುತ್ತಿದ್ದರೂ ನೀರು ಸೋರುತ್ತಿತ್ತು. ನನ್ನ ತವರು ಇಳಕಲ್ಲಿನ ಸಾಲೆಯಲ್ಲಿ ಅವರದೊಂದು ಭಾಷಣ: ಗುರುಗ್ರಹದ ಚಂದ್ರ ಯೂರೋಪಾದ ಹಿಮದ ಮೈಮೇಲೆ ಗೆರೆಗಳು ಹೇಗೆ ಮೂಡುತ್ತವೆ ಎಂಬುದು.

ಕಾಲೇಜಿನಲ್ಲಿ ಪಾಠ ಹೇಳುವ ಈ ಮನುಷ್ಯ ಕ್ಲಾಸಿನ ಹೊರಗೆ ಬಾಯಿ ಬಿಚ್ಚಿದ್ದೇ ಕಡಿಮೆ. ಮದುವೆಯಾದಾಗಿನಿಂದ ನಮ್ಮಪ್ಪನದು ಒಂದೇ ಮಾತು: "ಅಳಿಯಗ ಸೊಕ್ಕು ಭಾಳ. ನಮ್ಮಂಥಾ ನೇಕಾರರ ಕೂಡ ಏನ್ ಮಾತಾಡ್ತಾನ?" ಅಪ್ಪ ಭಾಷಣಕ್ಕೆ ಬರುವವನಿದ್ದ. ಇವತ್ತೂ ಇವರು ತಡವರಿಸಿದರೆ, ತವರಿಗೆ ಇವರನ್ನು ಕರೆದೊಯ್ಯುವ ಮಾತೇ ಮುಗಿಯಿತು ಎಂದು ನನಗೆ ಹೆದರಿಕೆ.

ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ಮುಂದೆ ರಸ್ತೆ ಎಂಬುದೇ ಇಲ್ಲ, ಬರೀ ತೆಗ್ಗು. ಹುನಗುಂದ ಹತ್ತಿರ ಬಸ್ಸು ಎತ್ತಿ ಹಾಕಿತು ನೋಡಿ, ಚೀಲ ಬಿದ್ದು ಒಳಗೆ ಲಟಕ್ಕೆಂದಿತು. "ಹೋತು!" ಎಂದರು ಇವರು. ಕಂಡಕ್ಟರ ಒದ್ದೆ ನೆಲ ನೋಡಿ, "ಮೀನೇನ್ರಿ ಅಕ್ಕಾರ?" ಎಂದ.

"ಚಂದ್ರ ಐತಿ, ಸುಮ್ನ ಹೋಗ್ರಿ!" ಎಂದೆ ಸಿಟ್ಟಿನಿಂದ.

ಸಾಲೆಯಲ್ಲಿ ಗೋಣಿ ಬಿಚ್ಚಿದರೆ ಉಳಿದದ್ದು ನಾಲ್ಕಾರು ತುಂಡು. ಮುಂದಿನ ಸಾಲಿನಿಂದಲೇ ಅಪ್ಪ, "ಒಡದ ಐಸ್ ತೋರ್ಸಾಕ ಇಷ್ಟು ದೂರ ಬಂದ್ರೇನ್ರಿ ಅಳಿಯಂದ್ರ?" ಎಂದ. ಎಲ್ಲರೂ ನಕ್ಕರು.

ಇವರು ಒಂದು ಅಗಲ ಪರಾತದಲ್ಲಿ ನೀರು ತುಂಬಿ, ಕುಂಕುಮ ಕದಡಿ ತುಂಡುಗಳನ್ನು ತೇಲಿಬಿಟ್ಟರು. ಎರಡು ತುಂಡು ಜೋಡಿಸಿದರೆ ಅಂಚಿಗೆ ಅಂಚು ಕೂಡಿತು; ಸರಿಸಿದರೆ ನಡುವೆ ಕೆಂಪು ಗೆರೆ. "ಬಸ್ಸು ನಮ್ಮ ಐಸ್ ಒಡದಂಗ, ಅಲ್ಲಿ ಗುರುಗ್ರಹದ ಜಗ್ಗಾಟ ಚಂದ್ರನ ಐಸ್ ಸೀಳ್ತೈತ್ರಿ," ಎಂದರು. "ಸೀಳು ಅಗಲಾಗಿ, ಕೆಳಗಿಂದ ಮ್ಯಾಲ ಬಂದದ್ದು ಹೆಪ್ಪುಗಟ್ಟಿದ್ರ ಗೆರಿ ಆಗ್ತೈತಿ." ಆಮೇಲೆ ಬಾಹ್ಯಾಕಾಶ ನೌಕೆ ಕಳಿಸಿದ ಯೂರೋಪಾದ ಚಿತ್ರ ತೋರಿಸಿದರು. ಮೈತುಂಬ ಗೆರೆ.

ಅಪ್ಪ ಎದ್ದು ಬಂದು ಪರಾತದ ಮುಂದೆ ಕುಕ್ಕರಗಾಲಲ್ಲಿ ಕೂತ. "ಹಂಗಾರ ಆ ಐಸಿನ ಕೆಳಗ ನೀರು ಐತೇನ್ರಿ?"

"ಖರೆ ಹೇಳಬೇಕಂದ್ರ ಗೊತ್ತಿಲ್ರಿ ಮಾವಾರ. ಇರಬಹುದು ಅಂತಾರ. ಯಾರೂ ಇಳದು ನೋಡಿಲ್ಲ."

"ಮತ್ತ ತಿಳಿಯೂದು ಹೆಂಗ?"

ಅಲ್ಲಿಂದ ಶುರುವಾಯಿತು. ಸಾಲೆ ಬಿಟ್ಟು ಮನೆಗೆ ಬಂದು ಊಟಕ್ಕೆ ಕೂತರೂ, ರೊಟ್ಟಿ ಆರಿ ತಣ್ಣಗಾದರೂ ಇಬ್ಬರ ಮಾತು ನಿಲ್ಲಲಿಲ್ಲ.

ಸಂಜೆ ನಮ್ಮನ್ನು ಕಳಿಸಲು ಬಂದ ಅಪ್ಪ ಬಸ್ಸನ್ನೇ ಹತ್ತಿ ಇವರ ಪಕ್ಕದ ನನ್ನ ಸೀಟಿನಲ್ಲಿ ಕೂತುಬಿಟ್ಟ. "ಬಸ್ ಬಿಡ್ತೈತಿ, ಇಳೀರಿ ಅಜ್ಜಾರ," ಎಂದ ಕಂಡಕ್ಟರ.

"ಹುನಗುಂದಕ್ಕ ಒಂದು ತಿಕೀಟ ಕೊಡೋ," ಎಂದ ಅಪ್ಪ. "ಅಳಿಯನ ಕೂಡ ಮಾತು ಇನ್ನೂ ಮುಗದಿಲ್ಲ."

ನಾನು ಕಂಬಿ ಹಿಡಿದು ನಿಂತೇ ಇದ್ದೆ. ಕಣ್ಣು ತುಂಬಿ, ಊರು ಹಿಂದೆ ಸರಿದದ್ದೇ ಕಾಣಲಿಲ್ಲ.