ಕೆಂಚನನ್ನು ಹೊಳೆ ದಾಟಿಸಲು ಹೋದದ್ದು

ಆಗೆಲ್ಲ ಅಘನಾಶಿನಿಯ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ಒಣಮೀನಿನ ಕಾಲ. ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಕೆಂಡದ ಮೇಲೆ ಸುಟ್ಟ ಬಂಗಡೆಯ ವಾಸನೆ ಹೊದ್ದುಕೊಳ್ಳುವ ಚಾದರಕ್ಕೂ ಹತ್ತಿಕೊಳ್ಳುತ್ತಿತ್ತು. ನಾವು ಮಕ್ಕಳು ಜಗಲಿಯಲ್ಲಿ ಕವಡೆ ಆಡುತ್ತ, ಉಪ್ಪುಪ್ಪಾದ ಮೀನಿನ ತಲೆಗಳನ್ನು ಕೆಂಚನಿಗೆ ಎಸೆಯುತ್ತಿದ್ದೆವು. ಕೆಂಚ ನಮ್ಮ ಗಂಡುಬೆಕ್ಕು, ಮಹಾ ಹೊಟ್ಟೆಬಾಕ. ನೀರಿನ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಆಷಾಢದಲ್ಲಿ ಅವನು ಕಂಡಕಂಡಲ್ಲಿ ಉಚ್ಚೆಗೆ ಕೂರತೊಡಗಿದ. ಬಚ್ಚಲೊಲೆಯ ಬೂದಿಯಲ್ಲಿ, ಅಕ್ಕಿಯ ಡಬ್ಬದ ಪಕ್ಕ, ಕೊನೆಗೆ ಅಜ್ಜಿಯ ಹಾಸಿಗೆಯ ಮೇಲೆ. ಎಲ್ಲಿ ಕೂತರೂ ನಾಲ್ಕು ಹನಿ ಬಿದ್ದರೆ ಹೆಚ್ಚು. ಅಜ್ಜಿಗೆ ಅದು ಸೊಕ್ಕಾಗಿ ಕಂಡಿತು. ಬೆಕ್ಕನ್ನು ಕೊಲ್ಲುವುದು ಮಹಾಪಾಪ. ಹಾಗಾಗಿ ಮನೆ ಹೊಲಸು ಮಾಡುವ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಮರೆಯುತ್ತದೆಂದು ನಂಬಿಕೆ. ಆಚೆ ದಡದ ತದಡಿಯವರೂ ತಮ್ಮ ಬೆಕ್ಕುಗಳನ್ನು ನಮ್ಮ ದಡದಲ್ಲಿ ಬಿಡುತ್ತಿದ್ದುದರಿಂದ ಯಾರಿಗೂ ಬೆಕ್ಕಿನ ಬರಗಾಲವಿರಲಿಲ್ಲ.

ಅಪ್ಪ ಚೀಲವನ್ನು ದೋಣಿಯಲ್ಲಿಟ್ಟ. ಹಟ ಮಾಡಿ ನಾನೂ ಹತ್ತಿದೆ. ಚೀಲ ಸೇರಿದ ಬೆಕ್ಕು ಪರಚಾಡಬೇಕು. ಕೆಂಚ ಬರೀ ನರಳುತ್ತಿದ್ದ. ನಡುಹೊಳೆಯಲ್ಲಿ ಅಪ್ಪ ಏನಾಯಿತೆಂದು ಚೀಲ ಬಿಚ್ಚಿದ. ಕೆಂಚ ಹಲಗೆಯ ಮೇಲೆ ಬೆನ್ನು ಬಗ್ಗಿಸಿ ಕೂತು ತಿಣುಕಿದ. ಬಿದ್ದದ್ದು ಒಂದು ಹನಿ, ಅದೂ ರಕ್ತ. ಹಿಂದಿನ ವರ್ಷ ಮೂತ್ರಕಲ್ಲಾದಾಗ ಅಪ್ಪನೂ ಬಚ್ಚಲಲ್ಲಿ ಹಾಗೇ ಕೂತು ಅತ್ತಿದ್ದ. ದೋಣಿ ತಿರುಗಿಸಿದ.

ಮನೆಗೆ ಬಂದು ಅಜ್ಜಿಗೆ ಹೇಳಿದ: "ಇದ್ಕೆ ಸೊಕ್ಕಲ್ಲ ಆಯಿ, ಉಚ್ಚೆ ಕಟ್ಕಂಡಿದೆ. ನಂಗೂ ಹೀಂಗೇ ಆಗಿತ್ತು."

ಅಜ್ಜಿ ತನ್ನ ಹಳೆಯ ಸೀರೆಯ ತುಂಡೊಂದನ್ನು ತಂದು ಬುಟ್ಟಿಯಲ್ಲಿ ಹಾಸಿ ಕೆಂಚನನ್ನು ಮಲಗಿಸಿದಳು.

ಅಪ್ಪ ಬುಟ್ಟಿ ಹಿಡಿದು ಕುಮಟಾ ಬಸ್ಸು ಹತ್ತಿದಾಗ ಜನ ನಕ್ಕರು. ದನದ ಡಾಕ್ಟರು ಸಪೂರ ನಳಿಕೆ ತೂರಿಸಿ ಉಚ್ಚೆ ಇಳಿಸಿದರು. ಗಂಡುಬೆಕ್ಕಿಗೆ ದಾರಿ ಸಣ್ಣ, ಹರಳು ಅಡ್ಡ ಬಂದರೆ ಜೀವಕ್ಕೇ ಬರುತ್ತದೆ, ಒಣಮೀನು ನಿಲ್ಲಿಸಿ, ಹೇಗಾದರೂ ನೀರು ಒಳಗೆ ಹೋಗಲಿ ಎಂದರು. ಅವತ್ತೇ ಅಜ್ಜಿ ಹೊಳೆಮೀನು ಬೇಯಿಸಿ, ಗಂಜಿತಿಳಿಯಲ್ಲಿ ಕಿವುಚಿ, ಅವನು ನೆಕ್ಕಿ ಮುಗಿಸುವವರೆಗೂ ಎದುರು ಕೂತಳು. ಮರುದಿನ ಬೆಳಿಗ್ಗೆ ಬಚ್ಚಲಿಂದ ಅವಳ ದನಿ ಕೇಳಿತು.

"ಎಲ್ಲ ಬನ್ನಿ, ಹೊಯ್ತಾ ಇದೆ."

ಅಮ್ಮ ಒಲೆ ಬಿಟ್ಟು, ಅಪ್ಪ ಬಲೆ ಬಿಟ್ಟು ಓಡಿ ಬಂದರು. ಕೆಂಚ ಬೂದಿಯಲ್ಲಿ ಕೂತು, ಕಣ್ಣು ಅರೆಮುಚ್ಚಿ, ನಿಧಾನವಾಗಿ ಮುಗಿಸಿದ. ನನಗೆ ಅಳು ಬಂತು.

ಮುಂದಿನ ಮಳೆಗಾಲದಲ್ಲಿ ಮತ್ತೆ ಕಟ್ಟಿತು. ಆ ಸಲ ಅವನು ಉಳಿಯಲಿಲ್ಲ.

ಈಗ ನಾನಿರುವುದು ಹೊನ್ನಾವರದಲ್ಲಿ. ನನ್ನ ಬೆಕ್ಕಿಗೆ ಮರಳಿನ ತಟ್ಟೆಯಿದೆ, ಪೊಟ್ಟಣದ ತಿಂಡಿಯಿದೆ, ಡಾಕ್ಟರು ಫೋನಿಗೇ ಸಿಗುತ್ತಾರೆ. ಅದು ಹೊಯ್ದದ್ದು ಮರಳು ಬದಲಿಸುವಾಗ ನನಗೊಬ್ಬಳಿಗೇ ಗೊತ್ತಾಗುತ್ತದೆ. ಬೆಕ್ಕೊಂದು ಉಚ್ಚೆ ಹೊಯ್ದ ಸಂತೋಷಕ್ಕೆ ಕಾವಲಿಯ ಮೇಲಿನ ದೋಸೆ ಕರಕಲಾಗಿ, ಅದನ್ನೇ ಎಲ್ಲರೂ ನಗುತ್ತ ತಿಂದ ಬೆಳಗು ಮತ್ತೆ ಬರಲಿಲ್ಲ.