ನಾನು ಆಡದ ಮಾತು

ಚಿತ್ರದುರ್ಗದ ಕಾಲೇಜೊಂದರಲ್ಲಿ ಎರಡು ದಿನದ ಹ್ಯಾಕಥಾನ್ ಇತ್ತು. ಒಬ್ಬರ ಮುಖ, ದನಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಡೀಪ್‌ಫೇಕ್ ವಿಡಿಯೊ ಹೇಗೆ ತಯಾರಾಗುತ್ತದೆ, ಅದನ್ನು ಪತ್ತೆಹಚ್ಚುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಒಟ್ಟಿಗೆ ಕೂತು, ಕೋಡ್ ಬರೆದು ಕಲಿಯಬೇಕು. ಹಿರಿಯೂರಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನನ್ನು ಮಾರ್ಗದರ್ಶನಕ್ಕೆ ಕರೆದಿದ್ದರು. ಹೋಗಬೇಕೆಂಬ ಆಸೆ ಇರಲಿಲ್ಲ, ಬೇಡವೆಂದೂ ಅನಿಸಲಿಲ್ಲ. ಬೆಳಗಿನ ಬಸ್ಸು ಹತ್ತಿದೆ.

ಹಿಂದಿನ ವರ್ಷ ನನ್ನದೊಂದು ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತ್ತು. ಅದರಲ್ಲಿ ನಾನು ತರಗತಿಯಲ್ಲಿ ನಿಂತು, "ಕುರಿ ಕಾಯೋರ ಮಕ್ಕಳಿಗೆ ಕಂಪ್ಯೂಟರ್ ಯಾಕೆ" ಎಂದು ನಗುತ್ತಿದ್ದೆ. ಆ ಮಾತು ನಾನು ಆಡಿರಲಿಲ್ಲ. ನನ್ನಪ್ಪನೇ ಕುರಿ ಕಾಯ್ದವನು. ಪೋಷಕರು ಕಾಲೇಜಿಗೇ ಬಂದು ಕೇಳಿದರು. "ಸುಮ್ನಿರ್ರಿ, ತಾನೇ ತಣ್ಣಗಾಗ್ತೈತೆ" ಎಂದರು ಪ್ರಾಂಶುಪಾಲರು. ತಣ್ಣಗಾಯಿತು. ಆದರೆ ಅವ್ವ ಒಂದು ದಿನ ಮುದ್ದೆ ತಿರುವುತ್ತ, ನನ್ನ ಮುಖ ನೋಡದೆ, "ನೀನು ಹಂಗೆ ಅಂದಿದ್ದು ಹೌದೇನೇ?" ಎಂದು ಕೇಳಿದ್ದಳು. ಅವತ್ತಿನಿಂದ ನನಗೆ ಸಿಟ್ಟೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

ಸಿರಿಗೆರೆ ಕಡೆಯಿಂದ ಬಂದಿದ್ದ ಮೂವರು ಹುಡುಗಿಯರ ಗುಂಪು ನನ್ನ ಪಾಲಿಗೆ ಬಂತು.

"ಮೇಡಂ, ನಕಲಿ ವಿಡಿಯೊ ಮಾಡಾಕೆ ಒಂದು ಮುಖ ಬೇಕಾಗೈತೆ. ಒಪ್ಗೆ ಬರ್ದುಕೊಟ್ಟೋರದ್ದೇ ಆಗ್ಬೇಕಂತೆ," ಎಂದಳು ಒಬ್ಬಳು.

"ನಂದೇ ತಗಳ್ರಮ್ಮ," ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ವಿಡಿಯೊದ ಮೇಲೆ 'ಇದು ನಕಲಿ' ಎಂದು ಬರೆದಿರಬೇಕು, ಕೊನೆಗೆ ಅಳಿಸಿಬಿಡಬೇಕು ಎಂಬ ಷರತ್ತು ಅದರಲ್ಲಿತ್ತು.

ಮಧ್ಯಾಹ್ನ ಪರದೆಯ ಮೇಲೆ ನನ್ನ ಮುಖ, ವೇದಾವತಿ ಹೊಳೆಯಲ್ಲಿ ಹಾಲು ಹರಿಯುತ್ತಿದೆ ಎಂದು ಹೇಳಿತು. ಹುಡುಗಿಯರು ನಕ್ಕರು. ನಾನು ಯಾರದೋ ಗುರುತಿನ ಚೀಟಿ ನೋಡುವಂತೆ ನೋಡಿದೆ. ನಕಲಿ ಪತ್ತೆಹಚ್ಚಲು ಅವರು ಬರೆದಿದ್ದ ಪ್ರೋಗ್ರಾಂ ಅದನ್ನು ನಕಲಿ ಎಂದಿತು. ಪರೀಕ್ಷೆಗೆಂದು ನನ್ನ ನಿಜವಾದ ಪಾಠದ ವಿಡಿಯೊ ಕೊಟ್ಟರೆ ಅದನ್ನೂ ನಕಲಿ ಎಂದಿತು.

"ನಮ್ಮ ಕಡೆ ಮುಖ, ನಮ್ಮ ಕಡೆ ಮಾತು ಇದು ನೋಡೇ ಇಲ್ಲ ಮೇಡಂ," ಎಂದಳು ಇನ್ನೊಬ್ಬಳು.

ಮಾರನೆಯ ಬೆಳಿಗ್ಗೆ ಅವರು ಕ್ಯಾಂಟೀನಿನವರು, ವಾಚ್‌ಮನ್, ಬೇರೆ ಗುಂಪುಗಳ ವಿದ್ಯಾರ್ಥಿಗಳು ಎಲ್ಲರ ಒಪ್ಪಿಗೆ ಪಡೆದು ಮಾತಾಡಿಸಿ, ರೆಕಾರ್ಡ್ ಮಾಡಿ, ಪ್ರೋಗ್ರಾಂಗೆ ಕಲಿಸಿದರು. ಆಮೇಲೆ ಅದು ನನ್ನ ಪಾಠವನ್ನು ಅಸಲಿ ಎಂದಿತು. ಆಗ ನಾನು ಫೋನಿನಲ್ಲಿ ಉಳಿಸಿಕೊಂಡಿದ್ದ ಆ ಹಳೆಯ ವಿಡಿಯೊ ಕೊಟ್ಟೆ. ಏನೆಂದು ಹೇಳಲಿಲ್ಲ.

ಪರದೆಯಲ್ಲಿ ನನ್ನ ತುಟಿಯಂಚಿನ ಸುತ್ತ ಕೆಂಪು ಗುರುತು ಮೂಡಿತು. 'ನಕಲಿ ಇರುವ ಸಾಧ್ಯತೆ ಹೆಚ್ಚು' ಎಂದಿತು ಪ್ರೋಗ್ರಾಂ.

ಅಲ್ಲಿಯವರೆಗೆ ಹೆಚ್ಚು ಮಾತಾಡದ ಮೂರನೆಯವಳು ಮೆಲ್ಲಗೆ ಹೇಳಿದಳು: "ನಿನ್ನೇನೇ ನಿಮ್ಮ ಗುರ್ತು ಸಿಕ್ಕಿತ್ತು ಮೇಡಂ. ಇದನ್ನ ಹೋದ್ವರ್ಷ ನಾನೂ ನಾಕು ಜನಕ್ಕೆ ಕಳಿಸಿದ್ದೆ."

"ಊಟಕ್ಕೆ ಹೋಗಾಣ ಬರ್ರಿ," ಎಂದೆ. ಅನ್ನ ಸಾರು ತಿಂದೆವು. ಅವಳು ತಟ್ಟೆ ನೋಡಿಕೊಂಡೇ ಉಂಡಳು. ಸಂಜೆ ನನ್ನೆದುರಿಗೇ ನನ್ನ ಮುಖದ ಫೈಲುಗಳನ್ನೆಲ್ಲ ಅಳಿಸಿದರು.

ಮನೆಗೆ ಬಂದು, ಆ ವಿಡಿಯೊ ನಕಲಿ ಎಂದು ಬಂದಿದ್ದನ್ನು ಅವ್ವನಿಗೆ ಹೇಳಿದೆ. "ನಾನೇನು ನಂಬಿದ್ನಾ ಅವತ್ತು," ಎಂದಳು.

ವಾರದ ಮೇಲೆ ಆ ಮೂರನೆಯ ಹುಡುಗಿಯ ಸಂದೇಶ ಬಂತು. ವಿಡಿಯೊ ಸುಳ್ಳೆಂದು ಆ ನಾಲ್ವರಿಗೂ ತಿಳಿಸಿದ್ದಳಂತೆ. ಮೂವರು ಉತ್ತರಿಸಿರಲಿಲ್ಲ. ನಾಲ್ಕನೆಯವರು, "ಯಾವ ವಿಡಿಯೊ?" ಎಂದು ಕೇಳಿದ್ದರಂತೆ. ಓದಿ ಫೋನು ಚೀಲಕ್ಕೆ ಹಾಕಿಕೊಂಡೆ. ಎರಡನೇ ಪೀರಿಯಡ್ಡಿನ ಬೆಲ್ ಆಗಿತ್ತು, ತರಗತಿಗೆ ಹೋದೆ.